ಅಟ್ಟಕ್ಕೆ ಹಾಕಿದ ಎಕ್ಸೈಸ್ ಫೈಲಿಗೆ ಹಿಯರಿಂಗ್ ಪತ್ರ ಬಂದರೆ

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಇನ್ನು ಎಕ್ಸೈಸ್ ಕಾಟ ಇಲ್ಲ ಅಂತ ಹಳೇ ಫೈಲುಗಳನ್ನು ಅಟ್ಟಕ್ಕೆ ಹಾಕಿದವರು ಬಹಳ ಜನ. (ಮದ್ಯದ ಅಬಕಾರಿಯ ಮಾತಲ್ಲ ಇದು. ಕಾರ್ಖಾನೆಯಲ್ಲಿ ತಯಾರಾದ ಮಾಲಿನ ಮೇಲೆ ಕೇಂದ್ರ ಹಾಕುತ್ತಿದ್ದ ಸುಂಕ. ಪೆಟ್ರೋಲ್, ಡೀಸೆಲ್, ತಂಬಾಕಿಗೆ ಇವತ್ತಿಗೂ ಇದೆ.) ಆದರೆ ಇಲಾಖೆಯಲ್ಲಿ ‘ಕಾಲ್ ಬುಕ್’ ಅಂತ ಒಂದಿದೆ. ಅಂಥದ್ದೇ ಕೇಸು ಮೇಲಿನ ಕೋರ್ಟಿನಲ್ಲಿದ್ದರೆ ನಿಮ್ಮ ಶೋಕಾಸ್ ನೋಟಿಸನ್ನು ಅದರಲ್ಲಿ ಸೇರಿಸಿ ಸುಮ್ಮನಾಗುತ್ತಾರೆ. ಎಷ್ಟೋ ವರ್ಷದ ಮೇಲೆ ಹಿಯರಿಂಗ್ ಪತ್ರ ಬರುತ್ತದೆ.

ಬಂದ ದಿನವೇ ಅದರ ಮೇಲೆ ತಾರೀಖು ಬರೆದಿಡಿ. ಕವರ್ ಎಸೆಯಬೇಡಿ. 2019ರ ನವೆಂಬರ್ 8ರ ನಂತರದ ಪತ್ರವಾದರೆ ಡಿಐಎನ್ ನಂಬರ್ (ಪತ್ರ ಅಸಲಿಯೇ ಅಂತ ತಿಳಿಯಲು ಇಲಾಖೆ ಹಾಕುವ ಗುರುತಿನ ಸಂಖ್ಯೆ) ಇದೆಯಾ ನೋಡಿ, ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ ಪರೀಕ್ಷಿಸಿ.

ಆಮೇಲೆ ಮೂಲ ನೋಟಿಸ್ ಹುಡುಕಿ. ಸುಂಕಕ್ಕೆ ಮಾಲಿನ ಬೆಲೆ ಎಷ್ಟು ಹಿಡಿಯಬೇಕು ಅನ್ನುವ ವಾದಕ್ಕೆ ಇಳಿಯುವ ಮೊದಲು ನೋಟಿಸಿನ ತಾರೀಖು ನೋಡಿ. ಬಾಕಿ ಕೇಳಲು ಮಾಮೂಲಿ ಗಡುವು 2016ರ ಮೇವರೆಗೆ 1 ವರ್ಷ, ಆಮೇಲೆ 2 ವರ್ಷ. 5 ವರ್ಷ ಹಿಂದಕ್ಕೆ ಹೋಗಬೇಕಾದರೆ ನೀವು ಮೋಸ ಮಾಡಿದ್ದೀರಿ, ಇಲ್ಲವೇ ಬೇಕೆಂದೇ ವಿಷಯ ಮುಚ್ಚಿಟ್ಟಿದ್ದೀರಿ ಅಂತ ಇಲಾಖೆ ತೋರಿಸಬೇಕು. ‘ಮುಚ್ಚಿಟ್ಟಿದ್ದಾರೆ’ ಅನ್ನೋ ಪದ ನೋಟಿಸಿನಲ್ಲಿ ಸಲೀಸಾಗಿ ಬಂದುಬಿಡುತ್ತದೆ. ಅದಕ್ಕೆ ಆಧಾರ ಏನು ಕೊಟ್ಟಿದ್ದಾರೆ ಅಂತ ಒಂದೊಂದೇ ಪ್ಯಾರಾ ಓದಿ. ಗಿರಾಕಿ ಕಂಪನಿಗೆ ಆ ಸುಂಕದ ಸೆನ್‌ವ್ಯಾಟ್ ಕ್ರೆಡಿಟ್ (ಅದನ್ನು ತಾನು ಕಟ್ಟಬೇಕಾದ ಸುಂಕದಲ್ಲಿ ಕಳೆದುಕೊಳ್ಳುವ ಸೌಲಭ್ಯ) ಪೂರ್ತಿ ಸಿಗುತ್ತಿತ್ತು ಅಂದರೆ, ಮುಚ್ಚಿಟ್ಟು ನಮಗೇನು ಲಾಭ ಅಂತ ಕೇಳಬಹುದು. ನೋಟಿಸ್ ತುಂಬಾ ಹಳೆಯದಾಗಿದ್ದರೆ, ಇಷ್ಟು ವರ್ಷ ಯಾಕೆ ಕೂತಿತ್ತು, ಕಾಲ್ ಬುಕ್‌ಗೆ ಹಾಕಿದಾಗ ನಮಗೆ ತಿಳಿಸಿದ್ದಿರಾ ಅಂತಲೂ ಬರೆಯಿರಿ. ವಿಪರೀತ ತಡವಾಗಿದೆ ಅನ್ನುವ ಕಾರಣಕ್ಕೇ ಹೈಕೋರ್ಟ್‌ಗಳು ಹಳೇ ನೋಟಿಸ್ ರದ್ದು ಮಾಡಿದ್ದುಂಟು.

ಈಗ ಲೆಕ್ಕ. ಪೀಣ್ಯದಂಥ ಕಡೆ ಮಾಮೂಲಿ ಜಗಳ ಡೈ ಮತ್ತು ಮೋಲ್ಡಿನದು, ಅಂದರೆ ಮಾಲಿಗೆ ಆಕಾರ ಕೊಡುವ ಅಚ್ಚಿನದು. ಗಿರಾಕಿ ಪುಕ್ಕಟೆ ಕೊಟ್ಟ ಮೋಲ್ಡಿನ ಖರ್ಚನ್ನು ನಿಮ್ಮ ಮಾಲಿನ ಬೆಲೆಗೆ ಸೇರಿಸಬೇಕು. 2000ದ ಮೌಲ್ಯಮಾಪನ ನಿಯಮಗಳ 6ನೇ ನಿಯಮ ಹೇಳೋದೇ ಅದು. ಆದರೆ ಎಷ್ಟು ಸೇರಿಸಬೇಕು? ಮೋಲ್ಡಿಗೆ 5 ಲಕ್ಷ ಆಗಿದೆ, ಅದರ ಆಯಸ್ಸು 1 ಲಕ್ಷ ಪೀಸು ಅಂದುಕೊಳ್ಳಿ. ಪೀಸಿಗೆ 5 ರೂಪಾಯಿ ಬಿತ್ತು. ಆ ವರ್ಷ ಕಳಿಸಿದ್ದು 20,000 ಪೀಸು. ಸೇರಬೇಕಾದ್ದು 1 ಲಕ್ಷ, ಶೇ 12.5ರಂತೆ ಸುಂಕ 12,500 ರೂ. ನೋಟಿಸಿನಲ್ಲಿ ಪೂರ್ತಿ 5 ಲಕ್ಷವನ್ನೂ ಅದೇ ವರ್ಷಕ್ಕೆ ಸೇರಿಸಿದ್ದರೆ ಅದು 62,500 ಆಗುತ್ತದೆ. ನಿಮ್ಮ ಲೆಕ್ಕಕ್ಕೆ ಕಾಸ್ಟ್ ಅಕೌಂಟೆಂಟ್ ಸರ್ಟಿಫಿಕೇಟ್ ಜೋಡಿಸಿ. ಬಾಯಿಮಾತು ನಡೆಯಲ್ಲ.

ಇನ್ನೊಂದು, ಪ್ಯಾಕಿಂಗ್ ಅಂತ ಡೆಬಿಟ್ ನೋಟ್ (ಗಿರಾಕಿಯಿಂದ ಹೆಚ್ಚುವರಿ ಹಣ ಕೇಳುವ ಚೀಟಿ) ಹಾಕಿ ಬೇರೆಯಾಗಿ 1,12,500 ರೂ. ಪಡೆದಿದ್ದೀರಿ ಅನ್ನಿ, ಮೇಲೆ ಸುಂಕ ತಗೊಂಡಿಲ್ಲ. ಆಗ ಆ ಮೊತ್ತದೊಳಗೇ ಸುಂಕ ಸೇರಿದೆ ಅಂತ ಹಿಡಿಯಬೇಕು. 1 ಲಕ್ಷ ಬೆಲೆ, 12,500 ಸುಂಕ. ಸುಪ್ರೀಂ ಕೋರ್ಟ್ 2002ರಲ್ಲಿ ಮಾರುತಿ ಉದ್ಯೋಗ್ ಕೇಸಿನಲ್ಲಿ ಇದನ್ನು ಒಪ್ಪಿದೆ, ಆಮೇಲೆ ಕಾಯ್ದೆಗೂ ಬಂದಿದೆ. ಕೇಳದಿದ್ದರೆ ಯಾರೂ ತಾವಾಗಿ ಕೊಡಲ್ಲ.

ಉತ್ತರವನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಇಲಾಖೆಯ ಟಪಾಲು ವಿಭಾಗದ ಸೀಲ್ ಹಾಕಿಸಿಕೊಳ್ಳಿ. ಹಿಯರಿಂಗ್‌ಗೆ ಹೋಗಲೇಬೇಕು. ಮುಂದೂಡಿಕೆ ಮೂರಕ್ಕಿಂತ ಜಾಸ್ತಿ ಸಿಗಲ್ಲ. ಹೇಳಿದ್ದೆಲ್ಲ ಹಿಯರಿಂಗ್ ದಾಖಲೆಯಲ್ಲಿ ಬಂದಿದೆಯಾ ಅಂತ ಓದಿಯೇ ಸಹಿ ಹಾಕಿ.

ಆದೇಶ ಉಲ್ಟಾ ಬಂದರೆ, ಅದು ಕಮಿಷನರ್‌ಗಿಂತ ಕೆಳಗಿನ ಅಧಿಕಾರಿಯದಾದರೆ, 60 ದಿನದೊಳಗೆ ಕಮಿಷನರ್ (ಅಪೀಲ್ಸ್) ಮುಂದೆ ಮೇಲ್ಮನವಿ. ತಕ್ಕ ಕಾರಣ ಇದ್ದರೆ ಇನ್ನೂ 30 ದಿನ. ಅದರಾಚೆ ಮನ್ನಿಸುವ ಅಧಿಕಾರ ಅವರಿಗೂ ಇಲ್ಲ. ಬಾಕಿ ಸುಂಕದ ಶೇ 7.5 ಮೊದಲೇ ಕಟ್ಟಬೇಕು. 62,500 ರೂ. ಬೇಡಿಕೆಗೆ 4,687.50 ರೂ. ಆಗುತ್ತದೆ. ಚಲನ್ ಜೋಪಾನ, ಗೆದ್ದರೆ ಬಡ್ಡಿ ಸಮೇತ ವಾಪಸ್ ಕೇಳಲು ಅದೇ ಬೇಕು.