1933ರ ಮಾರ್ಚ್: ಒಂದೇ ತಿಂಗಳನ್ನು ತಾರೀಖಿನ ಪ್ರಕಾರ ಬರೆದ ನನ್ನ ಅನುಭವ

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಎರಡು ಮಹಾಯುದ್ಧಗಳ ನಡುವಿನ ಕಾಲವನ್ನು ನಾವು ದೇಶದ ಪ್ರಕಾರ ಪಾಠ ಮಾಡುತ್ತೇವೆ. ಒಂದು ದಿನ ಜರ್ಮನಿ, ಇನ್ನೊಂದು ದಿನ ಅಮೆರಿಕದ ಆರ್ಥಿಕ ಕುಸಿತ, ಟೈಮ್ ಉಳಿದರೆ ಜಪಾನ್. ಇವೆಲ್ಲ ಒಟ್ಟೊಟ್ಟಿಗೇ ನಡೆಯುತ್ತಿದ್ದವು ಅನ್ನೋದು ಮಕ್ಕಳಿಗೆ ಹೊಳೆಯುವುದೇ ಇಲ್ಲ. ಅದಕ್ಕೇ ಒಂದೇ ಒಂದು ತಿಂಗಳನ್ನು ಹಿಡಿದುಕೊಂಡು ದಿನದಿನದ್ದೂ ಬರೆಯೋಣ ಅಂತ ಕೂತೆ.

ಡ್ರಾಯಿಂಗ್ ಶೀಟ್‌ಗಳನ್ನು ಅಂಟಿಸಿ 31 ಖಾನೆ ಎಳೆದೆ. ನಿಯಮ ಒಂದೇ. ಆ ದಿನವೇ ಜನರಿಗೆ ಗೊತ್ತಿದ್ದದ್ದು ನೀಲಿ ಪೆನ್ನಿನಲ್ಲಿ, ಆಮೇಲೆ ಗೊತ್ತಾದದ್ದು ಕೆಂಪು ಪೆನ್ನಿನಲ್ಲಿ. ಇಡೀ ಕೆಲಸದ ಜೀವ ಇರುವುದು ಈ ಎರಡು ಬಣ್ಣದಲ್ಲೇ.

ಮೊದಲು ತಾರೀಖಿನ ತಕರಾರು ಬಗೆಹರಿಸಿಕೊಳ್ಳಬೇಕು. ಪೇಪರಿನ ತಾರೀಖು ಸಾಮಾನ್ಯವಾಗಿ ಘಟನೆಯ ಮರುದಿನದ್ದು. ಅದರ ಮೇಲೆ ಗಡಿಯಾರದ ವ್ಯತ್ಯಾಸ ಬೇರೆ. ಜಪಾನಿನ ಸನ್ರಿಕು ಕರಾವಳಿಯಲ್ಲಿ ಭೂಕಂಪ, ಅದರ ಹಿಂದೆಯೇ ಸುನಾಮಿ ಬಂದದ್ದು ಅಲ್ಲಿಯ 3ನೇ ತಾರೀಖು ನಸುಕಿನ ಎರಡೂವರೆಗೆ. ನಮ್ಮ ಈಗಿನ ಲೆಕ್ಕದಲ್ಲಿ ಅದು 2ರ ರಾತ್ರಿ 11 ಗಂಟೆ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಭೂಕಂಪ 10ರ ಸಂಜೆ ಆರಕ್ಕೆ ಸ್ವಲ್ಪ ಮುಂಚೆ ಆಯಿತು, ನಮಗೆ ಆಗಲೇ 11ರ ಬೆಳಗ್ಗೆ. ಹಾಗಾಗಿ ಎಲ್ಲಿ ನಡೆಯಿತೋ ಅಲ್ಲಿಯ ತಾರೀಖನ್ನೇ ಹಾಕುತ್ತಾ ಹೋದೆ. ಲಾಂಗ್ ಬೀಚ್‌ನಲ್ಲಿ ಎಷ್ಟೋ ಶಾಲಾ ಕಟ್ಟಡಗಳು ಕುಸಿದವು, ಪುಣ್ಯಕ್ಕೆ ಮಕ್ಕಳು ಮನೆಗೆ ಹೋಗಿಯಾಗಿತ್ತು. ಶಾಲೆ ಕಟ್ಟುವ ವಿಚಾರದಲ್ಲಿ ಅಲ್ಲಿಯ ಸರ್ಕಾರ ಮರುತಿಂಗಳೇ ಬಿಗಿ ಕಾನೂನು ತಂದಿತು.

ಇನ್ನು 4ನೇ ತಾರೀಖು, ಶನಿವಾರ. ವಾಷಿಂಗ್ಟನ್‌ನಲ್ಲಿ ರೂಸ್‌ವೆಲ್ಟ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು. ಅದೇ ದಿನ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ರೈಲ್ವೆ ನೌಕರರ ಮುಷ್ಕರದ ಕುರಿತ ಮತದಾನದಲ್ಲಿ ಜಗಳ ಹತ್ತಿ, ಸಂಸತ್ತಿನ ಮೂವರು ಅಧ್ಯಕ್ಷರೂ ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟರು. ಸಭೆ ನಡೆಸುವವರೇ ಇಲ್ಲ ಅನ್ನುವ ನೆಪ ಹಿಡಿದು ಚಾನ್ಸಲರ್ ಡಾಲ್‌ಫುಸ್ ಸಂಸತ್ತನ್ನೇ ಮುಚ್ಚಿಬಿಟ್ಟರು. 15ಕ್ಕೆ ಸದಸ್ಯರು ಮತ್ತೆ ಸೇರಲು ಬಂದಾಗ ಪೊಲೀಸರು ತಡೆದರು. 5ರ ಭಾನುವಾರ ಜರ್ಮನಿಯಲ್ಲಿ ಚುನಾವಣೆ. ಅಷ್ಟೊಂದು ಹೊಡೆತ ಬಡಿತ, ಬಂಧನ ನಡೆದಿದ್ದರೂ ನಾಜಿಗಳಿಗೆ ಸಿಕ್ಕಿದ್ದು ಶೇ. 43.9 ಮತ, 647ರಲ್ಲಿ 288 ಸ್ಥಾನ. ಬಹುಮತ ಬರಲಿಲ್ಲ! ಇದನ್ನು ನಾನು ಬೇಕೆಂದೇ ದಪ್ಪಗೆ ಬರೆದೆ. ಮರುದಿನ ರೂಸ್‌ವೆಲ್ಟ್ ಅಮೆರಿಕದ ಬ್ಯಾಂಕುಗಳಿಗೆಲ್ಲ ಬಾಗಿಲು ಹಾಕಿಸಿದರು, 9ಕ್ಕೆ ಒಂದೇ ದಿನದಲ್ಲಿ ಬ್ಯಾಂಕಿಂಗ್ ಕಾನೂನು ಪಾಸಾಯಿತು, 12ರ ರಾತ್ರಿ ರೂಸ್‌ವೆಲ್ಟ್ ರೇಡಿಯೋದಲ್ಲಿ ಬ್ಯಾಂಕು ಹೇಗೆ ಕೆಲಸ ಮಾಡುತ್ತದೆ ಅಂತ ಮನೆಯವರಿಗೆ ಹೇಳುವ ಹಾಗೆ ಹೇಳಿದರು, 13ಕ್ಕೆ ಬಾಗಿಲು ತೆರೆದಾಗ ಜನ ಗಾಬರಿಯಲ್ಲಿ ತೆಗೆದಿಟ್ಟುಕೊಂಡಿದ್ದ ಹಣ ವಾಪಸ್ ಕಟ್ಟಲು ಸಾಲು ನಿಂತರು.

ಬರೆಯುತ್ತಾ ನನ್ನ ಕೈ ನಿಂತದ್ದು 20ರ ಖಾನೆಯಲ್ಲಿ. ಡಾಖಾವ್‌ನಲ್ಲಿ ರಾಜಕೀಯ ವಿರೋಧಿಗಳನ್ನು ಕೂಡಿಹಾಕುವ ಶಿಬಿರ ತೆರೆಯುವುದನ್ನು ನಾಜಿ ನಾಯಕ ಹಿಮ್ಲರ್ ಆವತ್ತು ಪತ್ರಕರ್ತರಿಗೆ ತಾನೇ ಹೇಳಿದ. ಮರುದಿನ ಪೇಪರಿನಲ್ಲಿ ಬಂತು. 22ಕ್ಕೆ ಮೊದಲ ಕೈದಿಗಳು ಬಂದರು. ಅಂದರೆ ಇದು ನೀಲಿ, ಕೆಂಪಲ್ಲ. ಮುಚ್ಚಿಟ್ಟ ಸುದ್ದಿಯೇ ಅಲ್ಲ ಇದು. ಇದನ್ನು ಕ್ಲಾಸಿನಲ್ಲಿ ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ.

23ಕ್ಕೆ ಬರ್ಲಿನ್ನಿನ ಕ್ರೋಲ್ ಒಪೆರಾ ಭವನ. ಸಂಸತ್ ಭವನ ಫೆಬ್ರವರಿಯಲ್ಲೇ ಸುಟ್ಟಿತ್ತು. ಸಂಸತ್ತಿನ ಅಧಿಕಾರವನ್ನೆಲ್ಲ ಹಿಟ್ಲರ್ ಸರ್ಕಾರಕ್ಕೆ ಕೊಡುವ ಮಸೂದೆ, ಒಳಗೆಲ್ಲ ಸಮವಸ್ತ್ರದ ನಾಜಿ ಪಡೆಯವರು. ಕಮ್ಯುನಿಸ್ಟ್ ಸದಸ್ಯರು ಜೈಲಿನಲ್ಲಿದ್ದರು, ಇಲ್ಲವೇ ತಲೆಮರೆಸಿಕೊಂಡಿದ್ದರು. ಅಂಥ ಸಭೆಯಲ್ಲಿ ಸೋಷಿಯಲ್ ಡೆಮಾಕ್ರಾಟ್ ನಾಯಕ ಓಟೊ ವೆಲ್ಸ್ ಎದ್ದು ನಿಂತು, ನಮ್ಮ ಸ್ವಾತಂತ್ರ್ಯ, ಪ್ರಾಣ ಕಿತ್ತುಕೊಳ್ಳಬಹುದು, ಮಾನವನ್ನಲ್ಲ ಅಂದರು. ಪರವಾಗಿ 444, ವಿರುದ್ಧ 94. ಆ 94 ಮತವೂ ಅವರ ಪಕ್ಷದ್ದೇ. ಈ ಖಾನೆಗೆ ಮಾತ್ರ ನಾನು ಪೂರ್ತಿ ಒಂದು ಪೀರಿಯಡ್ ಕೊಡುತ್ತೇನೆ.

27ರಲ್ಲಿ ಎರಡೂ ಬಣ್ಣ ಇವೆ. ಜಪಾನ್ ರಾಷ್ಟ್ರಸಂಘ (ಲೀಗ್ ಆಫ್ ನೇಷನ್ಸ್) ಬಿಡುವುದಾಗಿ ತಿಳಿಸಿತು, ಅದು ನೀಲಿ. ಇಂಗ್ಲೆಂಡಿನ ಒಂದು ಲ್ಯಾಬಿನಲ್ಲಿ ಗಿಬ್ಸನ್ ಮತ್ತು ಫಾಸೆಟ್ ಪಾತ್ರೆ ಬಿಚ್ಚಿ ನೋಡಿದರೆ ಮೇಣದ ಥರ ಬೆಳ್ಳಗಿನ ಏನೋ ಅಂಟಿಕೊಂಡಿತ್ತು. ಪಾಲಿಥಿನ್! ಅದು ಕೆಂಪು, ಆಗ ಯಾವ ಪೇಪರಿಗೂ ಗೊತ್ತಿಲ್ಲ.

ಎರಡು ಬಣ್ಣಕ್ಕೂ ಸಿಗದ ಒಂದು ಸುದ್ದಿ ಇದೆ. ಉಕ್ರೇನಿನ ಹಳ್ಳಿಗಳಲ್ಲಿ ನಡೆದು ನೋಡಿ ಬಂದ ವೇಲ್ಸ್‌ನ ಗ್ಯಾರೆತ್ ಜೋನ್ಸ್ 29ಕ್ಕೆ ಬರ್ಲಿನ್ನಿನಲ್ಲಿ ಅಲ್ಲಿಯ ಕ್ಷಾಮದ ವಿಷಯ ಬಾಯಿಬಿಟ್ಟರು. 31ಕ್ಕೆ ನ್ಯೂಯಾರ್ಕ್ ಟೈಮ್ಸ್‌ನ ಮಾಸ್ಕೋ ವರದಿಗಾರ ಡ್ಯುರಾಂಟಿ ಅದನ್ನು ಅಲ್ಲಗಳೆದರು. ಲಕ್ಷಾಂತರ ಜನ ಸಾಯುತ್ತಿದ್ದದ್ದು ನಿಜ. ಹೇಳಿದವರೂ ಇದ್ದರು, ನಂಬಬೇಡಿ ಅಂದವರೂ ಇದ್ದರು. ಎರಡನ್ನೂ ನೀಲಿಯಲ್ಲೇ ಬರೆದು ಪಕ್ಕದಲ್ಲಿ ಕೆಂಪು ಗೆರೆ ಎಳೆದೆ.

ನೀವು ಮಾಡುವುದಾದರೆ ಖಾಲಿ ಖಾನೆಗಳನ್ನು ಸುಮ್ನೆ ತುಂಬಿಸಲು ಹೋಗಬೇಡಿ. ಬೇರೆ ತಿಂಗಳು ಬೇಕಾದರೆ 1930ರ ಮಾರ್ಚ್ ಒಳ್ಳೆಯದು. 12ಕ್ಕೆ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟರು, ಆ ತಂಡದಲ್ಲಿ ನಮ್ಮ ಮೈಲಾರ ಮಹಾದೇವಪ್ಪನವರೂ ಇದ್ದರು. ಮರುದಿನವೇ ಅಮೆರಿಕದ ಲೊವೆಲ್ ವೀಕ್ಷಣಾಲಯ ಪ್ಲೂಟೊ ಸಿಕ್ಕಿದೆ ಅಂತ ಪ್ರಕಟಿಸಿತು. ತಿಂಗಳ ಕೊನೆಗೆ ಜರ್ಮನಿಯಲ್ಲಿ ಮ್ಯೂಲರ್ ಸರ್ಕಾರ ಬಿದ್ದು ಬ್ರೂನಿಂಗ್ ಚಾನ್ಸಲರ್ ಆದರು. ಅದಕ್ಕೂ ಶೀಟ್ ಅಂಟಿಸಿ ಇಟ್ಟಿದ್ದೇನೆ.