ಕಾಡುದಾರಿಯ ಬೈಕಿಗೆ ಯಾವ ಕೂಲಂಟ್? ಎಂಜಿನ್ ಕುದಿಯದಂತೆ ನೋಡಿಕೊಳ್ಳುವ ಬಗೆ

ಕಲ್ಲು, ಕೆಸರು, ಕಡಿದಾದ ಏರುಗಳಲ್ಲಿ ಓಡುವ ಬೈಕಿನ ಎಂಜಿನ್ ರಸ್ತೆಯ ಬೈಕಿಗಿಂತ ಬೇಗ ಕಾಯುತ್ತದೆ. ಮೊದಲ ಗೇರಿನಲ್ಲಿ, ಅರ್ಧ ಕ್ಲಚ್ ಹಿಡಿದು, ಮನುಷ್ಯ ನಡೆಯುವ ವೇಗದಲ್ಲಿ ಏರುವಾಗ ಎಂಜಿನ್ ಕಷ್ಟಪಟ್ಟು ದುಡಿಯುತ್ತಿರುತ್ತದೆ, ಆದರೆ ರೇಡಿಯೇಟರಿಗೆ ಬೇಕಾದಷ್ಟು ಗಾಳಿ ಸಿಗುವುದಿಲ್ಲ. ತೂಕ ಉಳಿಸಲೆಂದು ಇಂಥ ಅನೇಕ ಬೈಕುಗಳಿಗೆ ಫ್ಯಾನನ್ನೂ ಅಳವಡಿಸಿರುವುದಿಲ್ಲ. ಒಳಗಿರುವ ಕೂಲಂಟ್, ಅಂದರೆ ಎಂಜಿನನ್ನು ತಣಿಸುವ ದ್ರವ, ಕೂಡ ಹೆಚ್ಚಿನವುಗಳಲ್ಲಿ ಒಂದು ಲೀಟರಿನ ಆಸುಪಾಸಿನಷ್ಟೇ ಇರುವುದರಿಂದ, ಒಮ್ಮೆ ಕುದಿದು ಓವರ್‌ಫ್ಲೋ ಪೈಪಿನಿಂದ ಸ್ವಲ್ಪ ಚೆಲ್ಲಿಹೋದರೂ ಉಳಿದದ್ದು ಇನ್ನಷ್ಟು ಬೇಗ ಕುದಿಯತೊಡಗುತ್ತದೆ.

ಬೇರೆ ಕೂಲಂಟ್ ಹುಡುಕುವವರು ಮೊದಲು ಒಂದು ವಿಷಯವನ್ನು ಮನಗಾಣಬೇಕು. ಕೂಲಂಟ್ ಶಾಖವನ್ನು ಎಂಜಿನಿನಿಂದ ರೇಡಿಯೇಟರಿಗೆ ಹೊತ್ತೊಯ್ಯುತ್ತದೆ ಅಷ್ಟೆ. ಅದನ್ನು ಹೊರಗೆ ಹಾಕುವುದು ರೇಡಿಯೇಟರಿನ ರೆಕ್ಕೆಗಳ ನಡುವೆ ಹಾಯುವ ಗಾಳಿ. ಶಾಖ ಹೊರುವುದರಲ್ಲಿ ಬರೀ ನೀರನ್ನು ಮೀರಿಸುವ ಕೂಲಂಟ್ ಬಳಕೆಯಲ್ಲಿಲ್ಲ. ನೀರಿಗೆ ಬೆರೆಸುವ ಗ್ಲೈಕಾಲ್ ಕುದಿಯುವ ಬಿಂದುವನ್ನು ಏರಿಸುತ್ತದೆ, ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಜೊತೆಗಿರುವ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ಆದ್ದರಿಂದ ಕೂಲಂಟ್ ಬದಲಿಸುವ ಮುನ್ನ ರೇಡಿಯೇಟರನ್ನು ನೋಡಿ.

ಕೆಸರಿನ ಸವಾರಿಯ ಮರುದಿನ ರೇಡಿಯೇಟರಿನ ಎದುರು ಕುಳಿತು, ಹಿಂಬದಿಯಿಂದ ಟಾರ್ಚ್ ಹಿಡಿದು ನೋಡಿದರೆ ಸ್ಥಿತಿ ಗೊತ್ತಾಗುತ್ತದೆ: ಎಲ್ಲೆಲ್ಲಿ ಬೆಳಕು ಹಾಯುವುದಿಲ್ಲವೋ ಅಲ್ಲೆಲ್ಲ ಒಣಗಿದ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಮೊದಲು ನೆನೆಸಿ, ಮೆತ್ತಗಾದ ಮೇಲೆ ಎಂಜಿನ್ ಬದಿಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರು ಬಿಟ್ಟು ತೊಳೆಯಬೇಕು. ಪ್ರೆಶರ್ ವಾಷರನ್ನು ಹತ್ತಿರದಿಂದ ಹಿಡಿದರೆ ತೆಳುವಾದ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಮಡಚಿದ ರೆಕ್ಕೆಗಳನ್ನು ಮೊಂಡಾದ ಸಣ್ಣ ಚಾಕುವಿನ ತುದಿಯಿಂದ ಒಂದೊಂದಾಗಿ, ಒಳಗಿನ ಕೊಳವೆಗೆ ತಾಗದಂತೆ ನೆಟ್ಟಗೆ ಮಾಡಬಹುದು. ಇದು ತಾಳ್ಮೆಯ ಕೆಲಸ. ಆದರೂ ದುಬಾರಿ ಕೂಲಂಟಿಗಿಂತ ಇದರಿಂದ ಸಿಗುವ ಲಾಭವೇ ಹೆಚ್ಚು ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಆಯ್ಕೆಗಳು. ಎತಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲಿನ ಮಿಶ್ರಣವು ಒತ್ತಡವಿಲ್ಲದಾಗ ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಹೆಚ್ಚಿನ ಸವಾರರಿಗೆ ಇದೇ ಸಾಕು. ಆದರೆ ಇದು ವಿಷ, ರುಚಿಯೂ ಸಿಹಿ. ಚೆಲ್ಲಿದ್ದನ್ನು ನಾಯಿಗಳು ನೆಕ್ಕದಂತೆ ಕೂಡಲೇ ತೊಳೆಯಬೇಕು. ಪ್ರೊಪಿಲೀನ್ ಗ್ಲೈಕಾಲ್ ಆಧಾರಿತ ಕೂಲಂಟ್ ಅಷ್ಟು ವಿಷಕಾರಿಯಲ್ಲ. ಕುದಿಯುವ ಬಿಂದು ಮಾತ್ರ ತುಸು ಕಡಿಮೆ. ಯಾವುದನ್ನೇ ಕೊಂಡರೂ ಬೈಕಿನ ಕೈಪಿಡಿ ಏನು ಕೇಳುತ್ತದೆಂದು ನೋಡಿ: ತುಕ್ಕು ತಡೆಯಲು ಕೆಲವು ಕೂಲಂಟುಗಳಲ್ಲಿ ಬೆರೆಸುವ ಸಿಲಿಕೇಟ್ ಎಂಬ ರಾಸಾಯನಿಕವು ವಾಟರ್ ಪಂಪಿನ ಸೀಲನ್ನು ಸವೆಸಬಹುದೆಂದು ಅನೇಕ ತಯಾರಕರು ಸಿಲಿಕೇಟ್ ರಹಿತ ಕೂಲಂಟನ್ನೇ ಸೂಚಿಸುತ್ತಾರೆ. ಬಣ್ಣ ಒಂದೇ ಎಂದು ಎರಡು ಬಗೆಯ ಕೂಲಂಟುಗಳನ್ನು ಬೆರೆಸಬಾರದು.

ಹೆಚ್ಚು ಕುತೂಹಲ ಹುಟ್ಟಿಸುವುದು ನೀರೇ ಇಲ್ಲದ ಕೂಲಂಟ್. ಇದು ಸುಮಾರು 180 ಡಿಗ್ರಿಯವರೆಗೂ ಕುದಿಯುವುದಿಲ್ಲವಾದ್ದರಿಂದ ನಿಧಾನದ ಏರುಗಳಲ್ಲಿ ಉಕ್ಕಿ ಚೆಲ್ಲುವುದಿಲ್ಲ, ಸಿಲಿಂಡರ್ ಹೆಡ್ಡಿನ ಬಿಸಿ ಮೂಲೆಗಳಲ್ಲಿ ಹಬೆಯ ಗುಳ್ಳೆಗಳೂ ಏಳುವುದಿಲ್ಲ. ಆದರೆ ನೀರಿನ ಮಿಶ್ರಣದಷ್ಟು ಶಾಖವನ್ನು ಇದು ಹೊರಲಾರದು, ಆದ್ದರಿಂದ ಎಂಜಿನಿನ ಲೋಹ ಮೊದಲಿಗಿಂತ ಬಿಸಿಯಾಗಿಯೇ ಓಡುತ್ತದೆ. ಇನ್ನೊಂದು ಅಪಾಯವನ್ನು ಅನೇಕರು ಗಮನಿಸುವುದಿಲ್ಲ: ಹಬೆ ಏಳುವುದೇ ಸವಾರನಿಗೆ ಸಿಗುವ ಎಚ್ಚರಿಕೆ, ಇಲ್ಲಿ ಅದೇ ಇರುವುದಿಲ್ಲ. ಇದನ್ನು ಬಳಸುವವರು ತಾಪಮಾನದ ಮೀಟರನ್ನು ಅಳವಡಿಸಿಕೊಳ್ಳಲೇಬೇಕು, ಎಂಜಿನ್ ಆಯಿಲನ್ನೂ ತಪ್ಪದೆ ಸಮಯಕ್ಕೆ ಸರಿಯಾಗಿ ಬದಲಿಸುತ್ತಿರಬೇಕು.

ರೇಡಿಯೇಟರ್ ಮುಚ್ಚಳವೂ ಈ ಲೆಕ್ಕದಲ್ಲಿ ಸೇರಿದೆ. ಅದು ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದಲೇ ಕುದಿಯುವ ಬಿಂದು ಏರುತ್ತದೆ, 1.1 ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಮೇಲೆ ಹೇಳಿದ 107 ಡಿಗ್ರಿ ಸುಮಾರು 129ಕ್ಕೆ ಹೋಗುತ್ತದೆ. ರಬ್ಬರ್ ಸೀಲ್ ಬಿರುಕು ಬಿಟ್ಟಿದ್ದರೆ ಎಂಥ ಕೂಲಂಟ್ ಹಾಕಿದರೂ ಈ ಲಾಭ ಸಿಗುವುದಿಲ್ಲ.

ಕೂಲಂಟ್ ಬದಲಿಸುವುದು ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ. ವಾಟರ್ ಪಂಪಿನ ಕೆಳಗಿನ ಬೋಲ್ಟ್ ಬಿಚ್ಚಿ ಹಳೆಯದನ್ನು ಪಾತ್ರೆಗೆ ಇಳಿಸಿ, ಡಿಸ್ಟಿಲ್ಡ್ ವಾಟರಿನಿಂದ ತೊಳೆದು, ಹೊಸದನ್ನು ನಿಧಾನವಾಗಿ ಸುರಿಯಿರಿ. ನೀರಿಲ್ಲದ ಬಗೆಯಾದರೆ ಒಂದು ಹನಿ ನೀರೂ ಉಳಿಯದಂತೆ ಗಾಳಿ ಊದಿ ಒಣಗಿಸಿ, ಅದಕ್ಕೆಂದೇ ಮಾರುವ ದ್ರವದಿಂದ ತೊಳೆಯಬೇಕು. ಬಳಿಕ ಮುಂದಿನ ಚಕ್ರವನ್ನು ಎತ್ತರದಲ್ಲಿಟ್ಟು, ರಬ್ಬರ್ ಹೋಸನ್ನು ಮೆಲ್ಲಗೆ ಹಿಚುಕುತ್ತ ಬನ್ನಿ. ಗುಳುಗುಳು ಎಂದು ಗುಳ್ಳೆಗಳೆದ್ದು ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಗುಳ್ಳೆ ನಿಲ್ಲುವವರೆಗೆ ಹೀಗೆ ಮಾಡದಿದ್ದರೆ ಒಳಗೆ ಸಿಕ್ಕಿಕೊಂಡ ಗಾಳಿಯೇ ಮುಂದೆ ಎಂಜಿನ್ ಕಾಯಲು ಕಾರಣವಾಗುತ್ತದೆ.

ದಾರಿಯಲ್ಲಿ ಹಬೆ ಎದ್ದರೆ ಎಂಜಿನ್ ನಿಲ್ಲಿಸಿ, ಗಾಳಿ ಆಡುವ ನೆರಳಿನಲ್ಲಿ ಕಾಯಿರಿ. ಬಿಸಿ ಮುಚ್ಚಳವನ್ನು ತಿರುಗಿಸಿದರೆ ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆ. ತಣಿದ ಮೇಲೆ ಕುಡಿಯುವ ನೀರನ್ನೇ ತುಂಬಿ ಮನೆ ಸೇರಬಹುದು, ಆಮೇಲೆ ಪೂರ್ತಿ ಬದಲಿಸಬೇಕು. ಕೂಲಂಟ್ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಎಂಜಿನ್ ಆಯಿಲಿನ ಮಟ್ಟ ತೋರಿಸುವ ಗಾಜಿನಲ್ಲಿ ಇಣುಕಿ ನೋಡಿ. ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ವಾಟರ್ ಪಂಪಿನ ಸೀಲ್ ಅಥವಾ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿನ ಕೆಳಗಿನ ಸೀಲ್) ಹೋಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಸರಿಪಡಿಸುವವರೆಗೆ ಬೈಕನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ.