ಆಯುಧಪೂಜೆಯ ಸೈಕಲ್ಲನ್ನು ಕಚೇರಿಗೆ ಹೊರಡಿಸುವುದು ಹೇಗೆ?

ನಮ್ಮ ಮಾವನವರ ಸೈಕಲ್ಲು ಹದಿನೈದು ವರ್ಷ ಕಾರ್ ಶೆಡ್ಡಿನ ಮೂಲೆಯಲ್ಲಿ ನಿಂತಿತ್ತು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹೊರಗೆ ಬಂದು, ಮೈ ತೊಳೆಸಿಕೊಂಡು, ಕುಂಕುಮ ಇಡಿಸಿಕೊಂಡು, ಚೆಂಡುಹೂವಿನ ಹಾರ ಬಾಡುವ ಮೊದಲೇ ಮತ್ತೆ ಮೂಲೆ ಸೇರುತ್ತಿತ್ತು. ಅದೇ ಶೆಡ್ಡಿನಲ್ಲಿ ನಾನು ಸಾಕಷ್ಟು ದುಡ್ಡು ಸುರಿದು ತಂದ ಹೊಸ ಗೇರ್ ಸೈಕಲ್ಲೂ ಇತ್ತು. ಅದಕ್ಕೆ ಇಪ್ಪತ್ತೊಂದು ಗೇರು. ಆದರೆ ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಚೈನ್‌ಕವರ್ ಇಲ್ಲ. ಮುಂಗಾರಿನ ಮೊದಲ ಮಳೆಗೆ ಬನಶಂಕರಿಯಿಂದ ಕಬ್ಬನ್ ರಸ್ತೆಯ ಕಚೇರಿ ತಲುಪುವಷ್ಟರಲ್ಲಿ ಬಿಳಿ ಅಂಗಿಯ ಬೆನ್ನಿಗೆ ಸೊಂಟದಿಂದ ಕತ್ತಿನವರೆಗೆ ಕೆಸರಿನ ನಾಮ ಎಳೆದಿತ್ತು.

ಆ ಸಂಜೆ ಹಳೆಯ ಸೈಕಲ್ಲಿನ ಮುಂದೆ ನಿಂತು ಲೆಕ್ಕ ಹಾಕಿದೆ. ದಿನನಿತ್ಯದ ಓಡಾಟಕ್ಕೆ ಬೇಕಾದದ್ದು ಬಹುಪಾಲು ಅದರ ಮೈಮೇಲೇ ಇತ್ತು. ಇಲ್ಲದಿದ್ದದ್ದು ಮೂರು: ನಂಬಬಹುದಾದ ಬ್ರೇಕು, ಏರು ಹತ್ತಿಸುವ ಫ್ರೀವೀಲ್ (ಹಿಂಚಕ್ರದ ಹಲ್ಲುಚಕ್ರ), ಬೆಳಕು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಕಪ್ಪು ಸೈಕಲ್ಲು ನಿಂತಿದ್ದರೆ, ಎರಡು ಭಾನುವಾರ ಮತ್ತು ಒಬ್ಬ ಒಳ್ಳೆಯ ಸೈಕಲ್ ಶಾಪಿನವರ ನೆರವಿನಿಂದ ಅದನ್ನು ಬೀದಿಗಿಳಿಸಬಹುದು.

ಬಿಡಿಭಾಗ ಸಿಗುತ್ತದೆಯೇ ಎಂಬ ಭಯ ಬೇಡ. ಲೂಧಿಯಾನದ ಹೀರೋ, ಸೋನಿಪತ್‌ನ ಅಟ್ಲಾಸ್, ಅಂಬತ್ತೂರಿನ ಹರ್ಕ್ಯುಲಿಸ್ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚಿನ ಸೈಕಲ್ಲುಗಳು. ಒಂದರ ಸಾಮಾನು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುತ್ತದೆ. ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆಯನ್ನು 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಮುಚ್ಚಿತು. ಆದರೂ ನಮ್ಮ ಅಟ್ಲಾಸಿಗೆ ಬೇಕಾದ ಕಾಟರ್ ಪಿನ್ (ಪೆಡಲಿನ ತೋಳನ್ನು ಹಿಡಿಯುವ ಮೊಳೆ) ಬಡಾವಣೆಯ ಅಂಗಡಿಯಲ್ಲೇ ಸಿಕ್ಕಿತು.

ಮೊದಲು ಮೂಳೆ ನೋಡಿ

ಫ್ರೇಮು ಗಟ್ಟಿಯಿದ್ದರೆ ಮಾತ್ರ ಮುಂದಿನ ಖರ್ಚು. ಮೇಲುತುಕ್ಕಿಗೆ ಹೆದರಬೇಕಾಗಿಲ್ಲ, ಉಜ್ಜುಕಾಗದಕ್ಕೆ ಅದು ಹೋಗುತ್ತದೆ. ಕೊಳವೆಗಳು ಒಂದನ್ನೊಂದು ಕೂಡುವ ಜಾಗಗಳನ್ನು ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆಯಿದ್ದು, ಅದರಿಂದ ತುಕ್ಕಿನ ನೀರು ಇಳಿದ ಗುರುತು ಕಂಡರೆ ಅಲ್ಲಿ ಬಿರುಕಿದೆ ಎಂದು ತಿಳಿಯಿರಿ. ಪೆಡಲಿನ ಆಕ್ಸಲ್ ಕೂರುವ ಕೊಳವೆಯ ತಳದಲ್ಲಿ ನೀರು ನಿಲ್ಲುತ್ತದೆ. ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದಾಗ ಟಣ್ ಎಂದರೆ ಸರಿ. ಮಡಕೆ ಒಡೆದಂತೆ ಬೊದ್ದು ಸದ್ದು ಬಂದರೆ ತುಕ್ಕು ಒಳಗಿನಿಂದ ತಿಂದಿರುವ ಸಂಭವ ಹೆಚ್ಚು.

ಫ್ರೇಮು ವಾಲಿದೆಯೇ ಎಂದು ನೋಡಲು ಒಂದು ಗಜ್ಜುಗದಷ್ಟು ದಾರದುಂಡೆ ಸಾಕು. ಹಿಂಚಕ್ರ ಬಿಚ್ಚಿ, ಅದು ಕೂರುವ ಎಡಗಡೆಯ ಸೀಳಿಗೆ ದಾರ ಕಟ್ಟಿ. ಅದನ್ನು ಹ್ಯಾಂಡಲಿನ ಕೆಳಗಿನ ಗಿಡ್ಡ ಕೊಳವೆಗೆ ಬಳಸಿ ತಂದು, ಬಲಗಡೆಯ ಸೀಳಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕಿರುವ ಅಂತರ ಅಳೆಯಿರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ನಡೆಯುತ್ತದೆ. ಅರ್ಧ ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಅನುಭವಿಗಳಿಗೆ ತೋರಿಸಿ.

ಅಳತೆಯ ವಿಷಯವನ್ನೂ ಇಲ್ಲೇ ಮುಗಿಸಿಬಿಡೋಣ. ದೊಡ್ಡವರ ಈ ಸೈಕಲ್ಲುಗಳು ಬಹುಮಟ್ಟಿಗೆ 22 ಅಥವಾ 24 ಇಂಚಿನ ಫ್ರೇಮಿನವು. ಮೇಲಿನ ಅಡ್ಡ ಕೊಳವೆಯ ಎರಡೂ ಬದಿಗೆ ಕಾಲು ಹಾಕಿ ನಿಂತಾಗ ಪಾದಗಳು ಪೂರ್ತಿ ನೆಲ ಮುಟ್ಟಿ, ಇನ್ನೂ ಎರಡು ಬೆರಳು ಜಾಗ ಉಳಿಯಬೇಕು. ಒಳಪೆಡಲು ಹೊಡೆದು ಸೈಕಲ್ ಕಲಿತವರಿಗೆ ಎತ್ತರದ ಲೆಕ್ಕ ಹಾಸ್ಯಾಸ್ಪದ ಎನಿಸಬಹುದು. ಆದರೆ ಸಿಗ್ನಲ್ಲಿನಲ್ಲಿ ಬಸ್ಸಿನ ಪಕ್ಕ ತುದಿಗಾಲಲ್ಲಿ ನಿಲ್ಲುವುದು ಬೇರೆಯೇ ಅನುಭವ.

ಗುಂಡು, ಗ್ರೀಸು, ಕಾಟರ್ ಪಿನ್

ವರ್ಷಗಟ್ಟಲೆ ನಿಂತ ಸೈಕಲ್ಲಿನಲ್ಲಿ ಗ್ರೀಸು ಒಣಗಿ ಮೇಣವಾಗಿರುತ್ತದೆ. ಚಕ್ರಗಳ ನಡುವಿನ ಎರಡು ಹಬ್, ಪೆಡಲಿನ ಆಕ್ಸಲ್, ಹ್ಯಾಂಡಲಿನ ಬೇರಿಂಗು ಎಲ್ಲವನ್ನೂ ಬಿಚ್ಚಿ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆಯಬೇಕು. ತೆಗೆಯುವಾಗಲೇ ಬೇರಿಂಗಿನ ಗುಂಡುಗಳನ್ನು ಎಣಿಸಿ, ಬೇರೆಬೇರೆ ಬಟ್ಟಲಿನಲ್ಲಿ ಇಡಿ. ಸಾಮಾನ್ಯವಾಗಿ ಮುಂದಿನ ಹಬ್ಬಿನ ಒಂದೊಂದು ಬದಿಗೆ 3/16 ಇಂಚಿನ 10 ಗುಂಡು, ಹಿಂದಿನದಕ್ಕೆ 1/4 ಇಂಚಿನ 9 ಗುಂಡು. ಹಳೆಯವನ್ನು ಮತ್ತೆ ಹಾಕಬೇಡಿ, ಹೊಸ ಗುಂಡಿನ ಬೆಲೆ ಒಂದು ಕಾಫಿಯಷ್ಟೂ ಇಲ್ಲ. ನಾನು ಹಿಡಿಹಿಡಿ ಗ್ರೀಸು ತುಂಬುವುದನ್ನು ನೋಡಿ ನಮ್ಮ ಬೀದಿಯ ಸೈಕಲ್ ಶಾಪಿನ ಅಜ್ಜ ತಡೆದರು: "ಅಷ್ಟು ಬೇಡ ಸಾರ್. ಗುಂಡು ಈಜಬಾರದು, ಉರುಳಬೇಕು."

ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಬಿಗಿಯುವಾಗ ಚಕ್ರವನ್ನು ಹಿಡಿದು ಆಚೀಚೆ ಅಲ್ಲಾಡಿಸಿದರೆ ಲೊಡಕಬಾರದು. ಎತ್ತಿಹಿಡಿದಾಗ ಟ್ಯೂಬಿನ ವಾಲ್ವಿನ ಭಾರಕ್ಕೇ ಚಕ್ರ ತಾನಾಗಿ ತಿರುಗಿ ನಿಂತರೆ ಬಿಗಿ ಹದವಾಗಿದೆ.

ಇನ್ನು ಕಾಟರ್ ಪಿನ್. ಪೆಡಲಿನ ತೋಳಾದ ಕ್ರ್ಯಾಂಕನ್ನು ಆಕ್ಸಲ್ಲಿಗೆ ಹಿಡಿಯುವ ಈ ಗೇಣುದ್ದವೂ ಇಲ್ಲದ ಮೊಳೆಯೇ ಹಳೆಯ ಸೈಕಲ್ಲಿನ ಅತಿ ಹೆಚ್ಚು ಬೈಗುಳ ತಿನ್ನುವ ಭಾಗ. ಹೊರತೆಗೆಯುವಾಗ ಕ್ರ್ಯಾಂಕಿನ ಕೆಳಗೆ ಕಬ್ಬಿಣದ ಗಟ್ಟಿ ಆಸರೆ ಕೊಟ್ಟೇ ಸುತ್ತಿಗೆಯಿಂದ ಹೊಡೆಯಬೇಕು; ಇಲ್ಲದಿದ್ದರೆ ಏಟೆಲ್ಲ ಬೇರಿಂಗಿಗೆ ಬೀಳುತ್ತದೆ. ಹೊಸ ಪಿನ್ನಿನ ಚಪ್ಪಟೆ ಮುಖವನ್ನು ಅರದಿಂದ ಉಜ್ಜಿ ಕೂರಿಸಬೇಕಾಗಬಹುದು. ಪೆಡಲುಗಳನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದಾಗ ಒಂದು ಪಿನ್ನಿನ ನಟ್ಟು ಮೇಲೆ, ಇನ್ನೊಂದರದು ಕೆಳಗೆ ಇರಬೇಕು. ಎರಡೂ ಒಂದೇ ಕಡೆಗಿದ್ದರೆ ಪೆಡಲುಗಳು ಒಂದು ಗೆರೆಯಲ್ಲಿ ಬರದೆ ಕುಂಟುತ್ತವೆ. ನಟ್ಟಿನಿಂದ ಎಳೆದು ಬಿಗಿಯಬೇಡಿ. ಹೊಡೆದು ಕೂರಿಸಿ, ಆಮೇಲೆ ನಟ್ಟು ಹಾಕಿ. ಮೂವತ್ತು ಕಿಲೋಮೀಟರ್ ಓಡಿಸಿದ ಬಳಿಕ ಇನ್ನೊಮ್ಮೆ ಹೊಡೆದು ಬಿಗಿ ಮಾಡಿ. ಪೆಡಲು ಬದಲಿಸುವುದಿದ್ದರೆ ನೆನಪಿರಲಿ, ಎಡ ಪೆಡಲಿನ ಮರೆ (ತಿರುಪಿನ ಸುತ್ತು) ತಿರುವುಮುರುವು.

ಬ್ರೇಕು: ಇಲ್ಲಿ ಜಿಪುಣತನ ಬೇಡ

ಈ ಸೈಕಲ್ಲುಗಳದು ಕೇಬಲ್ಲಿನ ಬದಲು ಸಲಾಕೆಗಳು ಎಳೆಯುವ ರಾಡ್ ಬ್ರೇಕು. ಅದರ ರಬ್ಬರು ರಿಮ್ಮಿನ ಒಳಮೈಯನ್ನು ಮೇಲಕ್ಕೆಳೆದು ಒತ್ತುತ್ತದೆ. ಒಣ ರಸ್ತೆಯಲ್ಲಿ, ಎತ್ತಿನಗಾಡಿಗಳ ಕಾಲದ ವೇಗಕ್ಕೆ ಅದು ಸಾಕಾಗಿತ್ತು. ಹೊಳೆಯುವ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಅದರ ಮೇಲೆ ಜಾರುತ್ತದೆ. ಮಳೆಯಲ್ಲಿ ಮಿನರ್ವ ವೃತ್ತದ ಬಳಿ ಆಟೊ ಒಂದು ಮುಂದೆ ಗಕ್ಕನೆ ನಿಂತಾಗ ನಾನು ಚಪ್ಪಲಿಯಿಂದ ನಿಲ್ಲಿಸಿದ್ದೇನೆ. ಆ ಕೈಚಳಕ ದಿನವೂ ಬೇಡ.

ನಾನು ಮಾಡಿದ್ದು ಇಷ್ಟು: ಹಿಂದಿನ ರಾಡ್ ಬ್ರೇಕನ್ನು ಹಾಗೇ ಉಳಿಸಿ, ಮುಂದಿನ ಚಕ್ರವನ್ನು ಮಾತ್ರ ಬದಲಿಸಿದೆ. ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ವಾಲುವುದರಿಂದ ಸೈಕಲ್ಲನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಮುಂದಿನ ಹಬ್ಬಿಗೆ 32 ಕಡ್ಡಿ, ಹಿಂದಿನದಕ್ಕೆ 40 ಕಡ್ಡಿ ಇರುತ್ತವೆ. 32 ತೂತಿನ ಅಲ್ಯೂಮಿನಿಯಂ ರಿಮ್ಮುಗಳು ಈಗಿನ ಸೈಕಲ್ಲುಗಳ 700ಸಿ ಎಂಬ ಅಳತೆಯಲ್ಲಿ ಸುಲಭವಾಗಿ ಸಿಗುತ್ತವೆ. 40 ತೂತಿನವಕ್ಕೆ ಅಲೆಯಬೇಕು. ಹಳೆಯ ಹಬ್ಬಿಗೇ ಹೊಸ ರಿಮ್ಮು ಕಟ್ಟಿಸಿದರೆ ಆಯಿತು. ಕಡ್ಡಿಯ ಉದ್ದ ಬೇರೆಯಾಗುತ್ತದೆ, ಆದ್ದರಿಂದ ಹಬ್ ಮತ್ತು ರಿಮ್ಮು ಎರಡನ್ನೂ ಅಂಗಡಿಗೆ ಒಯ್ದು ಅಳೆಸಿ.

ಇಲ್ಲೊಂದು ಗೊಂದಲ ಎಲ್ಲರಿಗೂ ಕಾಡುತ್ತದೆ. ಹಳೆಯ 28×1½ ಟಯರಿನ ಅಂಚು ರಿಮ್ಮಿನ ಮೇಲೆ ಕೂರುವ ವ್ಯಾಸ 635 ಮಿ.ಮೀ. 700ಸಿ ಟಯರಿಗೂ ಕೆಲವು ಕಂಪನಿಗಳು 28 ಎಂದೇ ಅಚ್ಚು ಹಾಕುತ್ತವೆ, ಆದರೆ ಅದರ ವ್ಯಾಸ 622 ಮಿ.ಮೀ. ಒಂದರ ಟಯರು ಇನ್ನೊಂದಕ್ಕೆ ಕೂರುವುದೇ ಇಲ್ಲ. ಟಯರಿನ ಮಗ್ಗುಲಲ್ಲಿ ಸಣ್ಣಕ್ಷರದಲ್ಲಿರುವ ಈ ಮೂರಂಕಿಯನ್ನು ಓದಿಯೇ ದುಡ್ಡು ಕೊಡಿ. ಮುಂದಿನ ಚಕ್ರಕ್ಕೆ 38 ಮಿ.ಮೀ. ಅಗಲದ ಟಯರು ಹಾಕಿದರೆ ಸೈಕಲ್ಲು ಮುಂದೆ ಸುಮಾರು ಆರೂವರೆ ಮಿಲಿಮೀಟರ್ ತಗ್ಗುತ್ತದೆ, ಗೊತ್ತೂ ಆಗುವುದಿಲ್ಲ.

ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕಿನ ನೆತ್ತಿಯಲ್ಲಿರುವ ತೂತಿಗೆ, ರಿಮ್ಮನ್ನು ಎರಡೂ ಮಗ್ಗುಲಿನಿಂದ ಇಕ್ಕಳದಂತೆ ಹಿಡಿಯುವ ಕೇಬಲ್ಲಿನ ಕ್ಯಾಲಿಪರ್ ಬ್ರೇಕು ಕೂರಿಸಬಹುದು. ತೂತಿನಿಂದ ರಿಮ್ಮಿನ ಮಗ್ಗುಲಿಗಿರುವ ದೂರ ಅಳೆದುಕೊಂಡು ಉದ್ದ ತೋಳಿನ ಕ್ಯಾಲಿಪರ್ ಕೇಳಿ. ರೇಸ್ ಸೈಕಲ್ಲಿನದು ಮುಟ್ಟುವುದಿಲ್ಲ. ಹ್ಯಾಂಡಲಿನ ಬಲಗಡೆಯ ರಾಡ್ ಬಿಚ್ಚಿ ಅಲ್ಲಿ ಕೇಬಲ್ಲಿನ ಹಿಡಿ ಬಿಗಿಯಿರಿ. ರಬ್ಬರು ರಿಮ್ಮನ್ನೇ ಒತ್ತಬೇಕು, ಟಯರನ್ನು ಸವರಕೂಡದು. ಹಿಂದಿನ ರಾಡ್ ಬ್ರೇಕಿಗೆ ಹೊಸ ರಬ್ಬರು ಹಾಕಿಸಿ, ರಿಮ್ಮಿನ ಬೆಂಡು ತೆಗೆಸಿ. ಮಳೆಯಲ್ಲಿ ನಿಲ್ಲಬೇಕಾದ ಜಾಗಕ್ಕೆ ಸ್ವಲ್ಪ ಮೊದಲೇ ಒಮ್ಮೆ ಮೆಲ್ಲಗೆ ಒತ್ತಿಬಿಟ್ಟರೆ ರಿಮ್ಮಿನ ನೀರು ಒರೆಸಿಹೋಗುತ್ತದೆ.

ಹಲ್ಲಿನ ಲೆಕ್ಕ

ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಅಂದರೆ ಪೆಡಲು ಒಂದು ಸುತ್ತು ಬಂದರೆ ಹಿಂಚಕ್ರ ಸುಮಾರು 2.44 ಸುತ್ತು ತಿರುಗಿ, ಸೈಕಲ್ಲು ಐದೂವರೆ ಮೀಟರಿನಷ್ಟು ಮುಂದೆ ಹೋಗುತ್ತದೆ. ಮಂಡ್ಯದ ಕಾಲುವೆ ಏರಿಯ ಮೇಲೆ ಇದು ಸೊಗಸು. ಚಾಮರಾಜಪೇಟೆಯಿಂದ ಬಸವನಗುಡಿಯತ್ತ ಏರುವಾಗ, ಇಪ್ಪತ್ತು ಕಿಲೋ ದಾಟುವ ಸೈಕಲ್ಲಿನ ಮೇಲೆ, ಮೊಣಕಾಲು ಮಾತಾಡತೊಡಗುತ್ತದೆ. ಫ್ರೀವೀಲನ್ನು 22 ಹಲ್ಲಿಗೆ ಬದಲಿಸಿದರೆ ಒಂದು ಸುತ್ತಿಗೆ ಸುಮಾರು ನಾಲ್ಕೂವರೆ ಮೀಟರ್. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ 16 ಕಿಲೋಮೀಟರ್. ಬೆಂಗಳೂರಿನ ಬೆಳಗಿನ ಸಂಚಾರದಲ್ಲಿ ಕಾರಿನವರಿಗೂ ಅಷ್ಟು ಸಿಕ್ಕರೆ ಪುಣ್ಯ. ನಿಮ್ಮದು ಸಪಾಟು ಊರಾದರೆ 20 ಹಲ್ಲು ಸಾಕು.

ಫ್ರೀವೀಲಿನ ಜೊತೆಗೇ ಚೈನನ್ನೂ ಅಳೆಯಿರಿ. ಹೊಸ ಚೈನಿನಲ್ಲಿ 24 ಕೊಂಡಿಗಳು ಸರಿಯಾಗಿ 12 ಇಂಚು. ಶಾಲೆಯ ಸ್ಕೇಲು ಹಿಡಿದು ನೋಡಿದಾಗ ಒಂದು ಇಂಚಿನ ಎಂಟನೇ ಒಂದು ಪಾಲು ಹೆಚ್ಚಿದ್ದರೆ ಅದನ್ನು ಎಸೆಯಿರಿ, ಇಲ್ಲದಿದ್ದರೆ ಹೊಸ ಹಲ್ಲುಗಳನ್ನೂ ಅದು ತಿನ್ನುತ್ತದೆ. ಚೈನ್ ಲಾಕಿನ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗಿರಲಿ.

ಸೀಟಿನ ಎತ್ತರಕ್ಕೆ ಒಂದೇ ಪರೀಕ್ಷೆ: ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ಪೂರ್ತಿ ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು. ಟಯರಿನಲ್ಲಿ 45ರಿಂದ 50 ಪಿಎಸ್‌ಐ ಗಾಳಿ ಇರಲಿ. ಹಳೆಯ ಬಗೆಯ ಟ್ಯೂಬಾದರೆ ಎರಡಿಂಚು ವಾಲ್ವ್ ಟ್ಯೂಬ್ (ವಾಲ್ವಿಗೆ ತೊಡಿಸುವ ಸಣ್ಣ ರಬ್ಬರ್ ನಳಿಗೆ) ಜೇಬಿನಲ್ಲಿರಲಿ. ಬೈಕಿನ ವಾಲ್ವಿನಂಥ ಟ್ಯೂಬು ಹಾಕಿಸಿದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ.

ದೀಪ, ಹೊರೆ, ಬೀಗ

ದೀಪವಿಲ್ಲದೆ ಹೊರಟು ಪೊಲೀಸರ ಕೈಗೆ ಸಿಕ್ಕಿ, ಗಾಳಿ ಬಿಡಿಸಿಕೊಂಡು ಸೈಕಲ್ಲು ತಳ್ಳುತ್ತ ಮನೆಗೆ ಬಂದ ಕಥೆ ಹಿಂದಿನ ತಲೆಮಾರಿನವರಲ್ಲಿ ಹಲವರ ಬಳಿ ಇದೆ. ಮಾವನವರ ಬಳಿ ಎರಡಿವೆ. ಟಯರಿಗೆ ಉಜ್ಜಿ ತಿರುಗುವ 6 ವೋಲ್ಟ್, 3 ವ್ಯಾಟಿನ ಡೈನಮೊ ಅವರ ಸೈಕಲ್ಲಿನಲ್ಲಿ ಇನ್ನೂ ಇದೆ, ಅಂದಕ್ಕೆ ಬಿಟ್ಟಿದ್ದೇನೆ. ಅದು ಕಾಲನ್ನು ಎಳೆಯುತ್ತದೆ, ಸಿಗ್ನಲ್ಲಿನಲ್ಲಿ ನಿಂತೊಡನೆ ಆರುತ್ತದೆ. ಚಾರ್ಜ್ ಮಾಡುವ ಎಲ್‌ಇಡಿ ದೀಪಗಳನ್ನೇ ಕೊಳ್ಳಿ. ಮುಂದಿನ ಬೆಳಕು ಎಂಟು ಹತ್ತು ಮೀಟರ್ ದೂರದ ನೆಲದ ಮೇಲೆ ಬೀಳಲಿ, ಎದುರಿನವರ ಕಣ್ಣಿಗಲ್ಲ. ಹಿಂದಿನ ಕೆಂಪು ದೀಪವನ್ನು ಸೀಟಿನ ಕೆಳಗೆ ಕಟ್ಟಿದರೆ ಚೀಲ ಅದನ್ನು ಮುಚ್ಚುತ್ತದೆ. ಕ್ಯಾರಿಯರಿನ ತುದಿಗೆ ಕಟ್ಟಿ.

ಊಟದ ಡಬ್ಬಿಯನ್ನು ಹ್ಯಾಂಡಲಿಗೆ ತೂಗುಹಾಕುವ ಅಭ್ಯಾಸ ಬಿಡಿ. ಚೀಲ ತೂಗಾಡಿ ಮುಂದಿನ ಕಡ್ಡಿಗೆ ಸಿಕ್ಕರೆ ಸೈಕಲ್ಲು ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಎಲ್ಲ ಹೊರೆಯೂ ಹಿಂದಿನ ಕ್ಯಾರಿಯರಿಗೇ. ಅದನ್ನು ಕಟ್ಟಲು ಹಳೆಯ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿದ ಪಟ್ಟಿಗಿಂತ ಉತ್ತಮವಾದದ್ದನ್ನು ನಾನು ಯಾವ ದುಬಾರಿ ಅಂಗಡಿಯಲ್ಲೂ ಕಂಡಿಲ್ಲ. ಸೀರೆ, ದುಪಟ್ಟಾ ಉಡುವವರು ಹಿಂಚಕ್ರದ ಎಡಕ್ಕೆ ಜಾಲರಿ ಹಾಕಿಸಿ. ಹಿಂಚಕ್ರಕ್ಕೇ ಕೂರುವ ಬೀಗ ಹಾಲಿನ ಅಂಗಡಿಗೆ ಸಾಕು. ಕಚೇರಿಯಲ್ಲಿ ಇಡೀ ದಿನ ನಿಲ್ಲಿಸುವುದಾದರೆ ದಪ್ಪ ಸರಪಣಿಯಿಂದ ಫ್ರೇಮನ್ನು ಕಂಬಕ್ಕೆ ಬಿಗಿಯಬೇಕು.

ಮೊದಲ ವಾರ ಕಿವಿ ತೆರೆದಿರಲಿ

ಮೊದಲ ಬಾರಿಗೆ ಕಚೇರಿಯ ದಾರಿಯನ್ನು ಭಾನುವಾರ ಬೆಳಿಗ್ಗೆ ಹಿಡಿಯಿರಿ. ವಾರದ ದಿನ ನೀವು ಬೈಕಿನಲ್ಲಿ ಹೋಗುವ ದೊಡ್ಡ ರಸ್ತೆಯೇ ಸೈಕಲ್ಲಿಗೂ ಒಳ್ಳೆಯದೆಂದೇನಿಲ್ಲ. ನನ್ನ ದಾರಿ ಈಗ ಒಂದು ಕಿಲೋಮೀಟರ್ ಉದ್ದವಾಗಿದೆ, ಆದರೆ ಅರ್ಧದಷ್ಟು ಮರಗಳ ಕೆಳಗೆ ಸಾಗುತ್ತದೆ.

ಹೊಸದಾಗಿ ಜೋಡಿಸಿದ ಸೈಕಲ್ಲು ಒಂದು ವಾರ ಸದ್ದು ಮಾಡುತ್ತಲೇ ಇರುತ್ತದೆ. ಪೆಡಲಿನ ಪ್ರತಿ ಸುತ್ತಿಗೊಮ್ಮೆ ಟಕ್ ಎಂದರೆ ಕಾಟರ್ ಪಿನ್ ಅಥವಾ ಪೆಡಲು. ಚಕ್ರದ ಪ್ರತಿ ಸುತ್ತಿಗೊಮ್ಮೆ ಕರ್ರೆಂದರೆ ರಿಮ್ಮಿನ ಬೆಂಡು ಬ್ರೇಕಿಗೆ ತಗಲುತ್ತಿದೆ. ತುಳಿಯುವುದನ್ನು ಬಿಟ್ಟಾಗ ಕೇಳುವ ಕಟಕಟ ಫ್ರೀವೀಲಿನದು, ಅದಕ್ಕೆ ಗಾಬರಿ ಬೇಡ. ಚೈನು ಕಿರುಗುಟ್ಟಿದರೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ. ಗುಂಡಿ ಹಾರಿದಾಗಲೆಲ್ಲ ಗಲಗಲ ಎನ್ನುವುದು ಹಿಂದಿನ ಮಡ್‌ಗಾರ್ಡ್. ಅದರ ಕಡ್ಡಿಯ ಬೋಲ್ಟಿಗೆ ಒಂದು ರಬ್ಬರ್ ವಾಷರ್ ಹಾಕಿದರೆ ಸುಮ್ಮನಾಗುತ್ತದೆ. ನನ್ನದಕ್ಕೆ ಹಾಕಿಲ್ಲ. ಓಣಿಯಲ್ಲಿ ಮೊಬೈಲ್ ನೋಡುತ್ತ ನಡೆಯುವವರು ಬೆಲ್ಲಿಗಿಂತ ಅದಕ್ಕೇ ಬೇಗ ಪಕ್ಕಕ್ಕೆ ಸರಿಯುತ್ತಾರೆ.